ನಿಸೆಕೊದಲ್ಲಿ ಗೋಲ್ಡ್ ಸ್ಟೇಟಸ್ ಇದ್ದರೆ...

ಜನವರಿಯಲ್ಲಿ ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊಗೆ ಸ್ಕೀಯಿಂಗ್‌ಗೆ ಹೊರಟವರಿಗೆ ಒಂದು ಮಾತು. ಅಲ್ಲಿನ ನಿಸೆಕೊ ಸ್ಕೀ ತಾಣದ ಹಿಲ್ಟನ್ ನಿಸೆಕೊ ವಿಲೇಜ್ ಹೋಟೆಲ್, ಗುಡ್ಡ ಹತ್ತಿಸೋ ಗೊಂಡೋಲಾ (ಕೇಬಲ್ ಕಾರ್) ಪಕ್ಕದಲ್ಲೇ ಇದೆ. ಶೂ ಹಾಕಿಕೊಂಡು ಬಸ್ಸಿಗೆ ಕಾಯೋ ತಾಪತ್ರಯ ಇಲ್ಲ.

ಹಿಲ್ಟನ್ ಹಾನರ್ಸ್‌ನಲ್ಲಿ (ಹಿಲ್ಟನ್ ಹೋಟೆಲುಗಳ ಸದಸ್ಯತ್ವ ಯೋಜನೆ) ಗೋಲ್ಡ್ ಸ್ಟೇಟಸ್ ಇದೆ ಅಂತ ದೊಡ್ಡ ರೂಮಿನ ಕನಸು ಕಾಣಬೇಡಿ. ಹಿಮದ ಸೀಸನ್‌ನಲ್ಲಿ ರೂಮ್ ಖಾಲಿ ಇದ್ದರೆ ತಾನೇ ಅಪ್‌ಗ್ರೇಡ್! ನಿಜವಾದ ಲಾಭ ಬೆಳಗಿನ ತಿಂಡಿಯದು. ಗೋಲ್ಡ್ ಸದಸ್ಯರಿಗೂ ಅದೇ ರೂಮಿನ ಇನ್ನೊಬ್ಬರಿಗೂ ಅದು ಉಚಿತ. ಮಕ್ಕಳಿದ್ದರೆ ಅವರ ಲೆಕ್ಕ ಹೇಗೆ ಅಂತ ಮೊದಲೇ ಇಮೇಲ್‌ನಲ್ಲಿ ಕೇಳಿಟ್ಟುಕೊಳ್ಳಿ. ದುಡ್ಡಿನ ಬದಲು ಸದಸ್ಯತ್ವದ ಪಾಯಿಂಟ್ಸ್‌ನಲ್ಲಿ ಸ್ಟ್ಯಾಂಡರ್ಡ್ ರೂಮ್ ಬುಕ್ ಮಾಡೋದಾದರೆ 4 ರಾತ್ರಿಗೆ ನಿಲ್ಲಿಸಬೇಡಿ, ಗೋಲ್ಡ್‌ಗಿಂತ ಕೆಳಗಿನ ಸಿಲ್ವರ್ ಸ್ಟೇಟಸ್ ಇದ್ದರೂ ಸಾಕು, 5ನೇ ರಾತ್ರಿಗೆ ಪಾಯಿಂಟ್ಸ್ ಕಟ್ ಆಗಲ್ಲ. ಪಾಯಿಂಟ್ಸ್‌ನಲ್ಲಿ ಉಳಿದರೂ ಬಿಸಿನೀರಿನ ಬುಗ್ಗೆಯ ಸ್ನಾನದ ತೆರಿಗೆ ಅಂತ ಕೈಯಿಂದ ಕೊಡಬೇಕಾಗಬಹುದು. ಜಪಾನಿನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ದಿನಕ್ಕೆ 150 ಯೆನ್, ಗಾಬರಿ ಬೇಡ.

ಸಸ್ಯಾಹಾರಿಗಳೇ, ಹುಷಾರು. ಮಿಸೊ ಸೂಪಿನಲ್ಲಿ ಮೀನಿನ ತುಂಡು ಕಾಣದಿದ್ದರೂ ಅದರ ರಸ, 'ದಾಶಿ', ಸಾಮಾನ್ಯವಾಗಿ ಒಣಮೀನಿನದು. 'ಮೀನು ತಿನ್ನಲ್ಲ' ಅಂದರೆ ಸಾಲದು, ದಾಶಿಯೂ ಬೇಡ ಅಂತ ಬಿಡಿಸಿ ಹೇಳಿ. ನಾನಂತೂ ಚಟ್ನಿಪುಡಿ, ಅವಲಕ್ಕಿ ಇಲ್ಲದೆ ಹೊರಡಲ್ಲ.

ಸ್ಕೀ ಬ್ಯಾಗನ್ನು ನ್ಯೂ ಚಿಟೋಸೆ ಏರ್‌ಪೋರ್ಟ್‌ನಿಂದ 'ತಕ್ಕ್ಯೂಬಿನ್' ಕೊರಿಯರ್‌ನಲ್ಲಿ ಹೋಟೆಲಿಗೆ ಕಳಿಸಬಹುದು. ಆದರೆ ತಲುಪೋದು ಮರುದಿನವೋ ಆಮೇಲೋ, ಹಾಗಾಗಿ ಮೊದಲ ದಿನದ ಬೆಚ್ಚನೆ ಬಟ್ಟೆ ಕೈಚೀಲದಲ್ಲೇ ಇರಲಿ.

ಆನ್ಸೆನ್‌ಗೆ (ಬಿಸಿನೀರಿನ ಬುಗ್ಗೆಯ ಸ್ನಾನದ ಕೊಳ) ಈಜುಡುಗೆ ಹಾಕ್ಕೊಂಡು ಇಳಿಯೋ ಹಾಗಿಲ್ಲ, ಮೈ ತೊಳೆದೇ ಇಳಿಯಬೇಕು. ಮೊದಲ ದಿನ ಸಂಕೋಚ, ಎರಡನೇ ದಿನ ಎದ್ದು ಬರೋಕೇ ಮನಸ್ಸಾಗಲ್ಲ.