ಮಾಸ್ತರರ ಹಳೇ ಕಂಪ್ಯೂಟರ್‌ನಲ್ಲಿ ಮತ್ತೆ ಕನ್ನಡ ಮೂಡಿದ್ದು

ಕಳೆದ ಬೇಸಿಗೆಯಲ್ಲಿ ಸಿಂದಗಿ ಕಡೆಯ ಒಬ್ಬ ನಿವೃತ್ತ ಮಾಸ್ತರು ತಮ್ಮ ಸಿಪಿಯು ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ನನ್ನ ಅಂಗಡಿಗೆ ಬಂದರು. ವಿಜಯಪುರದ ಗಾಂಧಿ ಚೌಕದಿಂದ ಸ್ವಲ್ಪ ಒಳಗೆ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಅರ್ಜಿ, ಲಗ್ನಪತ್ರಿಕೆ, ಪುಸ್ತಕದ ಪುಟ ಮಾಡುವುದು ಮುಖ್ಯ ಕೆಲಸ. ಜೊತೆಗೆ ಹಳೇ ಕಂಪ್ಯೂಟರ್‌ಗಳಿಗೆ ಕನ್ನಡ ಹಾಕಿಕೊಡುತ್ತೇನೆ.

ಮಾಸ್ತರರು ಹದಿನೈದು ವರ್ಷದಿಂದ ಊರೂರು ತಿರುಗಿ ಹಂತಿ ಪದ, ಬೀಸುವ ಪದದಂಥ ಜನಪದ ಹಾಡು ಬರೆದುಕೊಂಡು ಬಂದವರು. ಎಲ್ಲವನ್ನೂ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಇಟ್ಟಿದ್ದರು. ಪಕ್ಕದ ಮನೆಯ ಹುಡುಗ ಹೊಸ ಆವೃತ್ತಿ ಹಾಕಿಕೊಡುತ್ತೇನೆ ಅಂತ ಮೊದಲು ಹಳೇ ನುಡಿಯನ್ನು ತೆಗೆದಿದ್ದ. ಆಮೇಲೆ ಹೊಸದು ಕೂರಲಿಲ್ಲ.

"ಹಾಡೆಲ್ಲಾ ಹೊಲಸಾಗ್ಯಾವ ತಮ್ಮಾ. ಹೊಸಾ ಕಂಪ್ಯೂಟರ್ ತಗೋರಿ ಅಂತಾರ ಎಲ್ಲಾರೂ. ಹೊಸಾದು ತಗೊಂಡ್ರ ಹಾಡು ತಿರುಗಿ ಬರತಾವೇನು?" ಅಂದರು.

"ಅವಸರ ಮಾಡೂದು ಬ್ಯಾಡ್ರಿ ಸರ್. ಮೊದಲ ಹಾಡು ಹೊರಗ ತಗೀತೀನಿ, ಆಮ್ಯಾಲ ಬಾಕಿ ನೋಡೂಣು" ಅಂದೆ.

ಇದು ನನ್ನ ಮೊದಲ ನಿಯಮ. ಹಳೇ ಕಂಪ್ಯೂಟರ್ ಬಂದರೆ ಮೊದಲು ಅದರಲ್ಲಿ ಏನನ್ನೂ ಹಾಕುವುದಿಲ್ಲ. ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕನ್ವರ್ಟರ್‌ನಲ್ಲಿ ನನ್ನ ಕಂಪ್ಯೂಟರ್‌ಗೆ ಜೋಡಿಸಿ, ಬರಹದ ಫೋಲ್ಡರ್‌ಗಳನ್ನು ಪೂರ್ತಿ ನಕಲು ಮಾಡಿಕೊಳ್ಳುತ್ತೇನೆ. ಹತ್ತು ವರ್ಷ ದಾಟಿದ ಡಿಸ್ಕ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ವಿಜಯಪುರದ ಧೂಳು, ಬೇಸಿಗೆಯ ಬಿಸಿ, ಏರಿಳಿಯುವ ಕರೆಂಟು ಎಲ್ಲ ತಿಂದು ಬದುಕಿದ ಡಿಸ್ಕ್ ಅದು.

ನಕಲು ಆದ ಮೇಲೆ ಒಂದು ಕಡತ ತೆರೆದೆ. ಪರದೆ ತುಂಬ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಯಾಕಂದರೆ ಹಳೇ ನುಡಿಯ ಬರಹ ಫಾಂಟ್ ಇಲ್ಲದಾಗ ಹೀಗೇ ಕಾಣುವುದು. ಆನ್ಸಿ ಅನ್ನುವ ಈ ಹಳೇ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಅದರ ಮೇಲೆ ಕನ್ನಡದ ಆಕಾರ ತೊಡಿಸುವುದು ಫಾಂಟು. 'ಕನ್ನಡ' ಅನ್ನುವ ಪದದ 'ಕ' ಅಕ್ಷರವೇ ಪಿ ಮತ್ತು ಗೀಟಿನ ಎ ಸೇರಿ ಆದದ್ದು. ಅದರ ಮುಂದಿನ 'ನ' ಪೌಂಡ್ ಗುರುತಿನಿಂದ ಶುರುವಾಗುತ್ತದೆ. ಹುಡುಗ ನುಡಿ ತೆಗೆದಾಗ ಜೊತೆಗೆ ಫಾಂಟೂ ಹೋಗಿತ್ತು. ಹಾಡು ಹೋಗಿರಲಿಲ್ಲ.

ಪೂರ್ತಿ ಆಯ್ಕೆ ಮಾಡಿ, ಫಾಂಟನ್ನು ನುಡಿ 01 ಇ ಮಾಡಿದೆ. ಸಾಲುಗಳು ಒಮ್ಮೆಗೇ ಕನ್ನಡವಾದವು. ಮಾಸ್ತರರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮೊದಲ ಸಾಲನ್ನು ಓದಲಿಲ್ಲ, ಸಣ್ಣ ದನಿಯಲ್ಲಿ ಹಾಡಿದರು. ನಾನು ಅರ್ಧ ತಾಸು ಬೇರೆ ಗಿರಾಕಿ ನೋಡಲಿಲ್ಲ.

ಇನ್ನು ಅವರ ಕಂಪ್ಯೂಟರ್. ವಿಂಡೋಸ್ ಎಕ್ಸ್‌ಪಿ, ಸರ್ವಿಸ್ ಪ್ಯಾಕ್ 2 (ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ಗೆ ಸರ್ವಿಸ್ ಪ್ಯಾಕ್ ಅಂತಾರೆ), ಒಂದು ಜಿಬಿ ರ‍್ಯಾಮ್. ಹುಡುಗ ತಂದಿದ್ದ ಸೆಟಪ್ ಒತ್ತಿದರೆ 'ಇದು ಸರಿಯಾದ ವಿನ್32 ಅಪ್ಲಿಕೇಶನ್ ಅಲ್ಲ' ಅನ್ನುವ ಎರರ್. ಜನ ಇದನ್ನು ನೋಡಿ ಫೈಲ್ ಕೆಟ್ಟಿದೆ, ವೈರಸ್ ಬಂದಿದೆ ಅಂತ ಗಾಬರಿಯಾಗುತ್ತಾರೆ. ಬಹಳ ಸಲ ಅದರ ಅರ್ಥ ಇಷ್ಟೇ: ಈ ಸೆಟಪ್ ಹೊಸ ವಿಂಡೋಸ್‌ಗೆ ಮಾಡಿದ್ದು, ಇಲ್ಲವೇ 64 ಬಿಟ್‌ನದು. ನಿನ್ನ ಕಂಪ್ಯೂಟರ್ 32 ಬಿಟ್‌ನದು. ಡೌನ್‌ಲೋಡ್ ಅರ್ಧಕ್ಕೆ ನಿಂತಿದ್ದರೂ ಇದೇ ಎರರ್ ಬರುತ್ತದೆ. ಅದಕ್ಕೇ ನಾನು ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಬೈಟ್‌ಗಳ ಲೆಕ್ಕ ನೋಡುತ್ತೇನೆ. ಮೂಲ ಫೈಲಿಗೂ ಪೆನ್‌ಡ್ರೈವ್‌ನ ಫೈಲಿಗೂ ಒಂದೇ ಅಂಕಿ ಇದ್ದರೆ ಫೈಲು ಪೂರ್ತಿ ಬಂದಿದೆ. ಹಾಗಾದರೆ ತೊಂದರೆ ಕಂಪ್ಯೂಟರ್‌ನ ವಯಸ್ಸಿನದು.

ಇಷ್ಟು ವರ್ಷದಲ್ಲಿ ನನಗೆ ಚೆನ್ನಾಗಿ ತಿಳಿದ ಸಂಗತಿ ಇದು. ಕಂಪ್ಯೂಟರ್ ಯಾವ ಕಾಲದ್ದೋ ಆ ಕಾಲದ ಸಾಫ್ಟ್‌ವೇರನ್ನೇ ಅದಕ್ಕೆ ಕೊಡಬೇಕು. ಕಡೇ ಆವೃತ್ತಿಯೇ ಬೇಕು ಅಂತ ಹಟ ಹಿಡಿದರೆ ದಿನವೆಲ್ಲ ಹೋಗುತ್ತದೆ. ಎಕ್ಸ್‌ಪಿಗೆ ನಾನು ಹಾಕುವುದು ನುಡಿ 4.0. ಕನ್ನಡ ಗಣಕ ಪರಿಷತ್ತು ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ. ಅದರ ಹಳೇ ಸೆಟಪ್ ಫೈಲನ್ನು ನಾನು ಎರಡು ಕಡೆ ಜೋಪಾನ ಮಾಡಿ ಇಟ್ಟಿದ್ದೇನೆ.

ಆದರೆ ಅದಕ್ಕೂ ಮುಂಚೆ ಇನ್ನೊಂದು ತೊಡಕು ಸಿಕ್ಕಿತು. ಮೂಲೆಯ ಗಡಿಯಾರ 2002ನೇ ಇಸವಿ ಜನವರಿ 1 ತೋರಿಸುತ್ತಿತ್ತು. ಸರಿ ಮಾಡಿದೆ. ಪ್ಲಗ್ ತೆಗೆದು ಹಾಕಿದರೆ ಮತ್ತೆ 2002. ಡಬ್ಬಿ ಬಿಚ್ಚಿದೆ. ಮದರ್‌ಬೋರ್ಡ್ ಮೇಲೆ ನಾಣ್ಯದಷ್ಟು ಅಗಲದ ಒಂದು ಸೆಲ್ ಇರುತ್ತದೆ, ಸಿಆರ್2032 ಅಂತ ಅದರ ಮೇಲೇ ಬರೆದಿರುತ್ತದೆ. ಹೊಸದರಲ್ಲಿ 3 ವೋಲ್ಟ್ ಇರಬೇಕು. ಮೀಟರ್ ಹಿಡಿದರೆ ಒಂದೂವರೆಯೂ ಇರಲಿಲ್ಲ. ಪಕ್ಕದ ಗಡಿಯಾರದ ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿದೆ. ಇಷ್ಟು ಸಣ್ಣ ವಿಷಯ ಯಾಕೆ ಹೇಳುತ್ತಿದ್ದೇನೆ ಅಂದರೆ, ತಾರೀಖು ತಪ್ಪಿದ್ದರೆ ಸುರಕ್ಷಿತ ವೆಬ್‌ಸೈಟ್‌ಗಳ ಪ್ರಮಾಣಪತ್ರ ಒಪ್ಪಿಗೆಯಾಗುವುದಿಲ್ಲ, ಸೈಟೇ ತೆರೆಯುವುದಿಲ್ಲ. ಡೌನ್‌ಲೋಡ್ ಆಗವಲ್ದು ಅಂತ ಬಂದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ನಾನು ಬದಲಿಸಿದ್ದು ಈ ಸೆಲ್ ಒಂದೇ.

ಎಕ್ಸ್‌ಪಿಯಲ್ಲಿ ಮಾತ್ರ ತಾರೀಖು ಸರಿಯಾದರೂ ಸಾಲದು. ಅದರ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಈಗಿನ ಸುರಕ್ಷತಾ ಪದ್ಧತಿ ಗೊತ್ತಿಲ್ಲ. ಅದೂ ಅಲ್ಲದೆ ಎಕ್ಸ್‌ಪಿಗೆ ಕಂಪನಿಯ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಅಂಥ ಕಂಪ್ಯೂಟರನ್ನು ನೆಟ್‌ಗೆ ಹಚ್ಚಲೇಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೇಕಾದ ಫೈಲುಗಳನ್ನು ಬೇರೆ ಕಡೆ ಇಳಿಸಿ, ಸ್ಕ್ಯಾನ್ ಮಾಡಿದ ಪೆನ್‌ಡ್ರೈವ್‌ನಲ್ಲಿ ತಂದರೆ ಸಾಕು.

ನುಡಿ ಕೂತಿತು. ಫಾಂಟ್ ಬಂತು. ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗುವ ಕೀಲಿ ಸ್ಕ್ರಾಲ್ ಲಾಕ್ ಒತ್ತಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಹೊಡೆದೆ. 'ಕನ್ನಡ' ಮೂಡಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಸೊಗಸು ಇದು. ಎಫ್ ಒತ್ತಿದರೆ ಒತ್ತಕ್ಷರಕ್ಕೆ ದಾರಿ. ಮಾಸ್ತರರ ಬೆರಳಿಗೆ ಇದು ಎಷ್ಟು ಒಗ್ಗಿದೆ ಅಂದರೆ, ಅವರು ಟೈಪ್ ಮಾಡುವಾಗ ಕೀಲಿ ನೋಡುವುದೇ ಇಲ್ಲ. ಹಾಗಾಗಿ ಅವರಿಗೆ ಬೇರೆ ಪದ್ಧತಿ ಕಲಿಯಿರಿ ಅನ್ನಲು ನನಗೆ ಮನಸ್ಸಾಗಲಿಲ್ಲ.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಪುಸ್ತಕ ಮಾಡುವವರು ಯೂನಿಕೋಡ್‌ನಲ್ಲಿ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಈಗಿನ ಪದ್ಧತಿಯಲ್ಲಿ ಕೊಡಿ ಅಂದಿದ್ದರು. ಮಾಸ್ತರರಿಗೆ ಕಾಗುಣಿತ ನೋಡುವ ಸೌಲಭ್ಯವೂ ಬೇಕಿತ್ತು. "ಕಣ್ಣು ಮಂದಾಗ್ಯಾವ. ಒತ್ತು ಬಿಟ್ಟಿದ್ದು ಕಾಣೂದಿಲ್ಲ" ಅಂದರು. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ವಚನದ ತಾಳೆಗರಿ ಕೂಡಿಸಿ, ಅಚ್ಚು ಹಾಕಲು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದ ಊರಲ್ವಾ ಇದು. ಹಾಡು ಕೂಡಿಸಿ ತಂದವರನ್ನು ಅರ್ಧ ಕೆಲಸ ಮಾಡಿ ಕಳಿಸಬಾರದು ಅನ್ನಿಸಿತು.

ಯೂನಿಕೋಡ್‌ಗೆ ಎಕ್ಸ್‌ಪಿಯಲ್ಲಿ ಒಂದು ಬೀಗ ಇದೆ. ಕನ್ನಡಕ್ಕೆ ತುಂಗಾ ಫಾಂಟ್ ಎಕ್ಸ್‌ಪಿಯ ಜೊತೆಗೇ ಬಂದದ್ದು. ಆದರೆ ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಶನ್ಸ್‌ನಲ್ಲಿ, ಲ್ಯಾಂಗ್ವೇಜಸ್ ಅನ್ನುವ ಪುಟದಲ್ಲಿ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಚೌಕಕ್ಕೆ ಟಿಕ್ ಹಾಕದೆ ಇದ್ದರೆ ಕನ್ನಡ ಬರೀ ಡಬ್ಬಿ ಡಬ್ಬಿಯಾಗಿ ಕಾಣುತ್ತದೆ. ಫಾಂಟ್ ಬೇರೆ ಕಡೆಯಿಂದ ತಂದು ಹಾಕಿದರೂ ಒತ್ತಕ್ಷರ ಕೂಡುವುದಿಲ್ಲ, ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ. ಟಿಕ್ ಹಾಕಿದ ಕೂಡಲೇ ಎಕ್ಸ್‌ಪಿಯ ಸಿಡಿ ಕೇಳುತ್ತದೆ. ಮಾಸ್ತರರ ಸಿಡಿ ಎಂದೋ ಕಳೆದುಹೋಗಿತ್ತು. ನಿಜವಾಗಿ ಅದಕ್ಕೆ ಬೇಕಿರುವುದು ಸಿಡಿಯ ಐ386 ಅನ್ನುವ ಫೋಲ್ಡರ್. ಅದನ್ನು ನಮ್ಮ ಅಂಗಡಿಯ ಹಳೇ ಸಿಡಿಯಿಂದ ಪೆನ್‌ಡ್ರೈವ್‌ಗೆ ಹಾಕಿಕೊಂಡು, ದಾರಿ ತೋರಿಸಿದೆ. ರೀಸ್ಟಾರ್ಟ್ ಆದ ಮೇಲೆ ಅಕ್ಷರ ಸರಿಯಾಗಿ ಕೂಡಿದವು. ಅಲ್ಲೇ ವಿಂಡೋಸ್‌ನಲ್ಲೇ ಇರುವ ಇನ್ನೊಂದು ಕೀಲಿ ವಿನ್ಯಾಸ, ಕನ್ನಡ ಇನ್‌ಸ್ಕ್ರಿಪ್ಟ್ ಕೀಬೋರ್ಡನ್ನೂ ಸೇರಿಸಿದೆ, ಸಣ್ಣಪುಟ್ಟ ತಿದ್ದುಪಡಿಗೆ ಬೇಕಾಗುತ್ತದೆ ಅಂತ.

ಕಾಗುಣಿತಕ್ಕೆ ಲಿಬ್ರೆ ಆಫೀಸ್ ಅನ್ನುವ ಬರಹದ ಸಾಫ್ಟ್‌ವೇರ್ ಆರಿಸಿದೆ. ಇಲ್ಲೂ ಅದೇ ಮಾತು. ಎಕ್ಸ್‌ಪಿಯಲ್ಲಿ ಓಡುವ ಅದರ ಕಡೇ ಆವೃತ್ತಿ 5.4. ಮುಂದಿನ 6.0ಕ್ಕೆ ವಿಂಡೋಸ್ 7 ಬೇಕು. 5.4 ಕೂಡ ಸರ್ವಿಸ್ ಪ್ಯಾಕ್ 3 ಕೇಳುತ್ತದೆ. ಹಾಗಾಗಿ ಮೊದಲು ಸರ್ವಿಸ್ ಪ್ಯಾಕ್ 3, ಆಮೇಲೆ ಲಿಬ್ರೆ ಆಫೀಸ್, ಆಮೇಲೆ ಕಾಗುಣಿತ ನೋಡುವ ಹನ್‌ಸ್ಪೆಲ್‌ನ ಕನ್ನಡ ಪದಪಟ್ಟಿ. ಪದಪಟ್ಟಿ ಹಾಕಿದರೂ ಒಂದು ಕೆಂಪು ಗೆರೆಯೂ ಬರಲಿಲ್ಲ. ತಪ್ಪು ಬೇಕಂತಲೇ ಟೈಪ್ ಮಾಡಿದೆ, ಆಗಲೂ ಇಲ್ಲ. ಟೂಲ್ಸ್, ಆಪ್ಶನ್ಸ್, ಲ್ಯಾಂಗ್ವೇಜ್ ಸೆಟ್ಟಿಂಗ್ಸ್‌ಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವುದಕ್ಕೆ ಟಿಕ್ ಹಾಕಿ, ಅದರ ಮುಂದೆ ಕನ್ನಡ ಆರಿಸಬೇಕು. ಇದನ್ನು ಮಾಡದೆ ಇದ್ದರೆ ಆ ಸಾಫ್ಟ್‌ವೇರ್‌ಗೆ ತಾನು ಓದುತ್ತಿರುವುದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ.

ಆಮೇಲೆ ಗೆರೆ ಬಂದವು, ಜಾಸ್ತಿಯೇ ಬಂದವು. ನಮ್ಮ ಭಾಷೆಯಲ್ಲಿ ಪದಕ್ಕೆ ಬಾಲ ಸೇರುತ್ತಾ ಹೋಗುತ್ತದೆ. ಮನೆ, ಮನೆಯವರು, ಮನೆಯವರಿಗೂ, ಮನೆಯವರಿಗೇನು. ಎಲ್ಲ ರೂಪವನ್ನೂ ಪಟ್ಟಿಯಲ್ಲಿ ತುಂಬಲು ಆಗದು. ಹಂತಿ, ಮೇಟಿ ಅನ್ನುವ ಕಣದ ಪದಗಳಿಗೂ ಕೆಂಪು ಗೆರೆ. ಮೇಟಿ ಅಂದರೆ ರಾಶಿ ಮಾಡುವಾಗ ಕಣದ ನಡುವೆ ನೆಡುವ ಕಂಬ. ಅದರ ಸುತ್ತ ಎತ್ತು ತಿರುಗುವುದೇ ಹಂತಿ. ಈ ಪದಗಳ ಮೇಲೆ ಬಲ ಕ್ಲಿಕ್ ಮಾಡಿ ಸ್ವಂತ ನಿಘಂಟಿಗೆ ಸೇರಿಸುವುದನ್ನು ಮಾಸ್ತರರಿಗೆ ತೋರಿಸಿದೆ. ಸೇರಿಸಿದ್ದೆಲ್ಲ ವರ್ಡ್‌ಬುಕ್ ಅನ್ನುವ ಫೋಲ್ಡರ್‌ನಲ್ಲಿ ಸ್ಟ್ಯಾಂಡರ್ಡ್ ಡಿಕ್ ಹೆಸರಿನ ಫೈಲಿನಲ್ಲಿ ಕೂರುತ್ತದೆ. ಕಂಪ್ಯೂಟರ್ ಫಾರ್ಮ್ಯಾಟ್ ಹೊಡೆಯುವ ಮುಂಚೆ ಈ ಒಂದು ಫೈಲನ್ನು ನಕಲು ಮಾಡಿಕೊಳ್ಳದೆ ಹೋದರೆ ಅಷ್ಟೂ ಪದ ಹೋದಂತೆ.

ಹಳೇ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಕೆಲಸ ನನ್ನ ಅಂಗಡಿಯ ಕಂಪ್ಯೂಟರ್‌ನಲ್ಲೇ ಮಾಡಿದೆ, ಅದೂ ನಕಲಿನ ಮೇಲೆ. ನಡುವೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂತ ತಿಳಿದು ಏನೋ ಒಂದು ಮಾಡಿಬಿಡುತ್ತದೆ. ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಲೇಬೇಕು. ಇನ್ನೊಂದು ಎಚ್ಚರ: ಶ್ರೀಲಿಪಿ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಮಾಡಿದ ಕಡತವನ್ನು ನುಡಿಯ ಪರಿವರ್ತಕಕ್ಕೆ ಕೊಡಬೇಡಿ. ಎರಡರ ಒಳಸಂಕೇತ ಬೇರೆ.

ವಿಂಡೋಸ್ 7 ಇರುವವರಿಗೆ ತೊಂದರೆಗಳು ಬೇರೆ ಥರ. 'ಎಪಿಐ-ಎಂಎಸ್-ವಿನ್-ಸಿಆರ್‌ಟಿ' ಅಂತ ಶುರುವಾಗುವ ಡಿಎಲ್ಎಲ್ (ಪ್ರೋಗ್ರಾಂಗೆ ಬೇಕಾದ ಸಹಾಯಕ ಫೈಲು) ಇಲ್ಲ ಅನ್ನುವ ಎರರ್ ಬಂದರೆ, ಮೊದಲು ಸರ್ವಿಸ್ ಪ್ಯಾಕ್ 1, ಆಮೇಲೆ ಕೆಬಿ2999226 ಅನ್ನುವ ಅಪ್‌ಡೇಟ್ ಹಾಕಿ. ಆ ಒಂದು ಡಿಎಲ್ಎಲ್ ಫೈಲನ್ನು ಎಲ್ಲೋ ಸಿಕ್ಕ ಸೈಟಿನಿಂದ ತಂದು ತುರುಕಬೇಡಿ, ಅದರ ಜೊತೆ ಏನು ಬರುತ್ತದೋ ಗೊತ್ತಾಗುವುದಿಲ್ಲ. ಹೊಸ ಪದ್ಧತಿಯ ಡಿಜಿಟಲ್ ಸಹಿ ಇರುವ ಸೆಟಪ್ಪನ್ನು ವಿಂಡೋಸ್ ಒಪ್ಪದಿದ್ದರೆ ಕೆಬಿ4474419 ಅಪ್‌ಡೇಟ್ ಬೇಕು.

ಇನ್ನು ಕೆಲವರದು ವಿಚಿತ್ರ ದೂರು: ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬರುತ್ತದೆ, ಬೇರೊಂದು ಪ್ರೋಗ್ರಾಂನಲ್ಲಿ ಬರುವುದಿಲ್ಲ. ಆ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದ್ದರೆ, ಸಾಮಾನ್ಯವಾಗಿ ಓಡುತ್ತಿರುವ ನುಡಿಗೆ ಅದರೊಳಗಿನ ಕೀಲಿ ಸಿಗುವುದಿಲ್ಲ. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಸರಿಹೋಗುತ್ತದೆ. ಆಂಟಿವೈರಸ್ ಕೂಡ ಕನ್ನಡ ಸಾಫ್ಟ್‌ವೇರ್‌ಗಳನ್ನು ಕಳ್ಳನಂತೆ ನೋಡುವುದುಂಟು. ನಾವು ಒತ್ತಿದ ಕೀಲಿಯನ್ನು ಹಿಡಿದು ಬದಲಿಸುವುದೇ ಇವುಗಳ ಕೆಲಸ, ಕೀಲಿ ಕದಿಯುವ ವೈರಸ್ಸೂ ಹಾಗೇ ಮಾಡುತ್ತದೆ. ಫೈಲು ನಂಬಿಕೆಯ ಜಾಗದಿಂದ ಬಂದಿದ್ದರೆ ಮಾತ್ರ ಅದಕ್ಕೆ ವಿನಾಯಿತಿ ಕೊಡಿ.

ಲ್ಯಾಪ್‌ಟಾಪ್‌ನಲ್ಲಿ ಸ್ಕ್ರಾಲ್ ಲಾಕ್ ಕೀಲಿಯೇ ಇಲ್ಲ ಅಂತ ಬರುವವರೂ ಇದ್ದಾರೆ. ಪರದೆ ಮೇಲಿನ ಕೀಬೋರ್ಡ್ ತೆರೆದರೆ ಅದರಲ್ಲಿ ಸಿಗುತ್ತದೆ. ವಿಂಡೋಸ್ ಪೂರ್ತಿ ಹದಗೆಟ್ಟ ಕಂಪ್ಯೂಟರ್‌ಗೆ ನಾನು ಅದರ ಬದಲು ಲಿನಕ್ಸ್ ಹಾಕಿಕೊಡುತ್ತೇನೆ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ (ನುಡಿಯಲ್ಲಿರುವ ಕೆ.ಪಿ. ರಾವ್ ಅವರ ವಿನ್ಯಾಸವೇ) ಮೊದಲೇ ಇರುತ್ತದೆ, ಬೇರೆ ಸಾಫ್ಟ್‌ವೇರ್ ತರಬೇಕಾಗಿಲ್ಲ. 32 ಬಿಟ್ ಕಂಪ್ಯೂಟರ್ ಆದರೆ ಡೆಬಿಯನ್ ಅನ್ನುವ ಲಿನಕ್ಸ್‌ನ 12ನೇ ಆವೃತ್ತಿ ನೋಡಿ, 13ರಲ್ಲಿ 32 ಬಿಟ್‌ನ ಇನ್‌ಸ್ಟಾಲರ್ ಇಲ್ಲ.

ಮಾಸ್ತರರು ಈಗಲೂ ಬರೆಯುವುದು ನುಡಿಯಲ್ಲೇ. ತಿಂಗಳಿಗೊಮ್ಮೆ ಪೆನ್‌ಡ್ರೈವ್ ತರುತ್ತಾರೆ. ನಾನು ಯೂನಿಕೋಡ್ ಮಾಡಿ ಕೊಡುತ್ತೇನೆ. ಅವರು ಮನೆಯಲ್ಲಿ ಗೆರೆ ನೋಡಿ ತಿದ್ದುತ್ತಾರೆ. ಇನ್‌ಸ್ಕ್ರಿಪ್ಟ್‌ನ ಕೀಲಿ ಯಾವುದು ಎಲ್ಲಿದೆ ಅಂತ ಬರೆದ ಹಾಳೆಯನ್ನು ಮಾನಿಟರ್ ಪಕ್ಕ ಗೋಡೆಗೆ ಅಂಟಿಸಿಕೊಂಡಿದ್ದಾರಂತೆ.

ಮೊನ್ನೆ ಫೋನ್ ಮಾಡಿದ್ದರು. "ಮೇಟಿಗೆ ಈಗ ಗೆರಿ ಬರೂದಿಲ್ಲ ತಮ್ಮಾ. ಹೊಸಾ ಊರಿಗೆ ಹೋಗಿದ್ದೆ, ಹನ್ನೊಂದು ಪದ ಸಿಕ್ಕಾವ" ಅಂದರು. ಬರುವಾಗ ಸ್ಟ್ಯಾಂಡರ್ಡ್ ಡಿಕ್ ಫೈಲನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬನ್ರಿ ಸರ್ ಅಂತ ಹೇಳಿದ್ದೇನೆ.