ಕುಂಡದ ನಿಂಬೆಗಿಡ ಎಲೆ ಉದುರಿಸುತ್ತಿದೆಯಾ? ಮೊದಲು ಬೇರು ನೋಡಿ

ಟೆರೇಸ್ ಮೇಲಿನ ನಿಂಬೆಗಿಡ ಹಳದಿಯಾಗಿ ಎಲೆ ಉದುರಿಸಿದರೆ ನಾವು ಮಾಡುವುದು ಒಂದೇ. ಇನ್ನೊಂದು ಚೊಂಬು ನೀರು, ಒಂದು ಹಿಡಿ ಗೊಬ್ಬರ. ದಯವಿಟ್ಟು ಎರಡೂ ಬೇಡ. ನನ್ನ ಗಿಡ ಸೊರಗಿದ್ದೇ ಹಾಗೆ.

ಉಗುರಿನಿಂದ ಕೊಂಬೆಯ ಸಿಪ್ಪೆ ಚೂರು ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಬೆರಳನ್ನು 2 ಇಂಚು ಮಣ್ಣಿಗಿಳಿಸಿ. ಹಸಿಯಿದ್ದರೆ ನೀರು ಹಾಕಲೇಬೇಡಿ.

ನನ್ನ ಕುಂಡದ ತೂತು ಬೇರಿನಿಂದಲೇ ಮುಚ್ಚಿಹೋಗಿತ್ತು. ಗಿಡ ಎತ್ತಿದಾಗ ಕೊಳೆತ ವಾಸನೆ. ಕಂದು ಬೇರನ್ನು ಎಳೆದರೆ ಸಿಪ್ಪೆ ಜಾರಿ ಕೈಗೆ ಬರುತ್ತಿತ್ತು. ಅವನ್ನೆಲ್ಲ ಕತ್ತರಿಸಿ, ಗಟ್ಟಿಯಾದ ಬಿಳಿ ಬೇರು ಉಳಿಸಿದೆ. ಬೇರು ಕಮ್ಮಿಯಾಯಿತಲ್ವಾ, ಅದಕ್ಕೆ ತಕ್ಕಷ್ಟು ಕೊಂಬೆಯನ್ನೂ ಸವರಿದೆ. ಕೆಂಪು ಮಣ್ಣು, ಮರಳು, ಎರೆಗೊಬ್ಬರ ಸಮಸಮ ಬೆರೆಸಿ ನೆಟ್ಟೆ.

ಎರಡು ವಾರ ನೆರಳಲ್ಲಿಡಿ, ಆಮೇಲೆ ನಿಧಾನಕ್ಕೆ ಬಿಸಿಲಿಗೆ. ಚಿಗುರು ಬರುವವರೆಗೆ ಬೇರೆ ಗೊಬ್ಬರ ಬೇಡ. ಐದನೇ ವಾರ ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಾಗ ನನಗಂತೂ ಕಣ್ಣು ತುಂಬಿ ಬಂತು!

ಕಸಿ ಗಿಡವಾದರೆ ಕಸಿಗಂಟಿನ, ಅಂದರೆ ಎರಡು ಗಿಡ ಕೂಡಿಸಿದ ಜಾಗದ, ಕೆಳಗೆ ಬರುವ ಚಿಗುರನ್ನು ಆಗಲೇ ಚಿವುಟಿಬಿಡಿ. ಅದು ಬೆಳೆದರೆ ಮೇಲಿನ ಗಿಡದ ಶಕ್ತಿಯೆಲ್ಲ ಎಳೆದುಕೊಳ್ಳುತ್ತದೆ.