ಪೂರ್ವಗ್ರಹ ಹುಟ್ಟುವುದು ಹೇಗೆ, ತೋಟದಲ್ಲೂ ಶಾಲೆಯಲ್ಲೂ ಅದನ್ನು ಸಡಿಲಿಸುವುದು ಹೇಗೆ

"ಅವರೆಲ್ಲ ಹಾಗೇ ಬಿಡಿ" ಎಂಬ ಮಾತು ಕೊಡಗಿನಲ್ಲಿ ಎಲ್ಲ ದಿಕ್ಕಿನಿಂದಲೂ ಕೇಳಿಬರುತ್ತದೆ. ಎರವ ಬುಡಕಟ್ಟಿನವರ ಬಗ್ಗೆ ಕಾಫಿ ತೋಟದವರು, ಅಸ್ಸಾಮಿನಿಂದ ಬಂದವರ ಬಗ್ಗೆ ಊರಿನ ಕಾರ್ಮಿಕರು, ಕೊಡವರ ಬಗ್ಗೆ ಘಟ್ಟದ ಕೆಳಗಿನವರು ಹೀಗೆ ಹೇಳುತ್ತಾರೆ. ಹೇಳುವವರಲ್ಲಿ ಹೆಚ್ಚಿನವರು ಒಳ್ಳೆಯವರೇ. ಸೌಹಾರ್ದದ ಭಾಷಣ ಕೆಲಸ ಮಾಡದಿರುವುದು ಇದೇ ಕಾರಣಕ್ಕೆ: ಅದು ಬೇರೆ ಯಾರಿಗೋ ಹೇಳಿದ್ದು ಎಂದುಕೊಂಡು ಎಲ್ಲರೂ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಲೆಕ್ಕ ಇಡುವ, ಕೆಲಸ ಹಂಚುವ, ಮಕ್ಕಳನ್ನು ಕೂರಿಸುವ ರೀತಿ ಬದಲಾದರೆ ಮಾತ್ರ ಪೂರ್ವಗ್ರಹ ಸಡಿಲಗೊಳ್ಳುತ್ತದೆ. ತೋಟದ ಲೆಕ್ಕ ಬರೆಯುವ ರೈಟರು, ಶಿಕ್ಷಕರು, ಯುವಕ ಸಂಘದವರು ಇದನ್ನು ಇವತ್ತೇ ಶುರುಮಾಡಬಹುದು.

ಮೊದಲು ನಾಲ್ಕು ಚೌಕದ ಲೆಕ್ಕ

ತೋಟದಲ್ಲಿ ಊರಿನವರು 60, ಅಸ್ಸಾಮಿನವರು 20 ಮಂದಿ ಎಂದಿಟ್ಟುಕೊಳ್ಳಿ. ಒಂದು ದಿನ ಊರಿನವರಲ್ಲಿ 12, ಅಸ್ಸಾಮಿನವರಲ್ಲಿ 4 ಮಂದಿ ಬರಲಿಲ್ಲ. ಎರಡೂ ಕಡೆ ನೂರಕ್ಕೆ ಇಪ್ಪತ್ತೇ. ಆದರೆ ಸಂಜೆ ಮಾತಿಗೆ ಸಿಗುವುದು ಆ ನಾಲ್ವರು. ಚಿಕ್ಕ ಗುಂಪು ಕಣ್ಣಿಗೆ ಬೇಗ ಬೀಳುತ್ತದೆ, ತಪ್ಪಿದ ಕೆಲಸವೂ ಬೇಗ ಬೀಳುತ್ತದೆ. ಎರಡೂ ಒಟ್ಟಿಗೆ ಸೇರಿದರೆ ನೆನಪಿನಲ್ಲಿ ಅಂಟಿಕೊಂಡುಬಿಡುತ್ತದೆ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. 'ಎ' ಗುಂಪಿನ ಬಗ್ಗೆ 26, 'ಬಿ' ಗುಂಪಿನ ಬಗ್ಗೆ 13 ವಾಕ್ಯ ಓದಿಸಿದರು. ಎರಡರಲ್ಲೂ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇದ್ದ ಪ್ರಮಾಣ ಒಂದೇ, 9ಕ್ಕೆ 4. ಆದರೂ ಓದಿದವರು ಕೆಟ್ಟದ್ದನ್ನು ಚಿಕ್ಕ ಗುಂಪಿನ ತಲೆಗೇ ಹೆಚ್ಚಾಗಿ ಕಟ್ಟಿದರು. ಅಲ್ಲಿ ಜಾತಿಯೂ ಇರಲಿಲ್ಲ, ಭಾಷೆಯೂ ಇರಲಿಲ್ಲ.

ಹಾಗಾಗಿ "ಅವರು ರಜೆ ಹಾಕುವುದು ಜಾಸ್ತಿ" ಎಂಬ ಮಾತು ಬಂದಾಗ ಹಾಜರಿ ಪುಸ್ತಕ ತೆಗೆಯಿರಿ. ಅಡ್ಡಸಾಲಿಗೆ ಒಂದೊಂದು ಗುಂಪು. ನೆಟ್ಟಸಾಲು ಎರಡು: ಬಂದವರು, ಬಾರದವರು. ಕನಿಷ್ಠ ಮೂರು ತಿಂಗಳ ಹಾಜರಿ ತುಂಬಿ, ಆಮೇಲೆ ಒಟ್ಟು ಸಂಖ್ಯೆಯಿಂದ ಭಾಗಿಸಿ. ಬಾರದವರ ಹೆಸರನ್ನಷ್ಟೇ ಬರೆದು 'ಬಂದವರು' ಚೌಕ ಖಾಲಿ ಬಿಡುವುದೇ ಸಾಮಾನ್ಯ ತಪ್ಪು. ಆಗ ಆ ಲೆಕ್ಕಕ್ಕೆ ಬೆಲೆಯಿಲ್ಲ. ಗುಂಪಿನಲ್ಲಿ ಐದೇ ಜನ ಇದ್ದರೆ ಒಬ್ಬನ ಜ್ವರವೇ ನೂರಕ್ಕೆ ಇಪ್ಪತ್ತಾಗುತ್ತದೆ, ಅದರ ಮೇಲೆ ತೀರ್ಮಾನ ಬೇಡ. ಈ ಹಾಳೆಯನ್ನು ಗೋಡೆಗೆ ಅಂಟಿಸಬೇಡಿ, ವಾಟ್ಸಾಪಿಗೂ ಹಾಕಬೇಡಿ. ಗುಂಪಿನ ಹೆಸರಿರುವ ಪಟ್ಟಿ ಕೈ ಬದಲಾದರೆ ಆಯುಧವಾಗುತ್ತದೆ.

ವ್ಯತ್ಯಾಸ ನಿಜವಾಗಿ ಇದ್ದರೆ

ಆಗ ಎರಡನೆಯ ತಪ್ಪು ಕಾದಿರುತ್ತದೆ. ನಾವು ಕೆಲಸ ತಪ್ಪಿಸಿದರೆ ಬಸ್ಸು ಬರಲಿಲ್ಲ, ಮಳೆ ಬಂತು ಎನ್ನುತ್ತೇವೆ. ಅವರು ತಪ್ಪಿಸಿದರೆ ಅದು ಅವರ ಸ್ವಭಾವ. "ಬಟವಾಡೆ ಆದ ಮರುದಿನ ಎರವರು ಬರುವುದಿಲ್ಲ" ಎಂಬ ದೂರನ್ನೇ ನೋಡಿ. ಬಟವಾಡೆ ಸಂತೆಯ ಹಿಂದಿನ ದಿನ ಇದ್ದರೆ, ತೋಟದ ಒಳಗಿನ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ಇರುವ ಯಾರೇ ಆಗಲಿ ವಾರದ ಅಕ್ಕಿ, ಎಣ್ಣೆ, ಒಣಮೀನು ತರಲು ಸಂತೆಯ ದಿನವೇ ಹೋಗಬೇಕು. ದಿನ, ದೂರ, ದುಡ್ಡು, ಈ ಮೂರನ್ನು ವಿಚಾರಿಸಿ. ಒಂದನ್ನು ಮಾತ್ರ ಬದಲಿಸಿ, ಉದಾಹರಣೆಗೆ ಬಟವಾಡೆಯ ದಿನ. ನಾಲ್ಕು ವಾರ ಬಿಟ್ಟು ಮತ್ತೆ ಹಾಜರಿ ನೋಡಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಮೇಸ್ತ್ರಿಯ ಎದುರಲ್ಲಿ ವಿಚಾರಿಸಬೇಡಿ. ಕಾರ್ಮಿಕರ ಮಾತು ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಭಾಷೆ ಬಾರದವನ ಮೌನವನ್ನು ನಾವು ಒಮ್ಮೆ ದಡ್ಡತನ ಎನ್ನುತ್ತೇವೆ, ಇನ್ನೊಮ್ಮೆ ಅಹಂಕಾರ ಎನ್ನುತ್ತೇವೆ.

ಇದನ್ನು ಹೀಗೇ ಬಿಟ್ಟರೆ ನಷ್ಟ ಎಲ್ಲರಿಗೂ. "ಹೇಗೂ ಬಿಟ್ಟು ಹೋಗುತ್ತಾನೆ" ಎಂದು ಒಬ್ಬನಿಗೆ ಗಿಡ ಕಸಿ, ಮರ ಕಪಾತು ಕಲಿಸುವುದಿಲ್ಲ. ಕಲಿಯದವನಿಗೆ ಕೂಲಿ ಏರುವುದಿಲ್ಲ, ಉಳಿಯಲು ಕಾರಣವೂ ಇರುವುದಿಲ್ಲ. ಅವನು ಹೊರಟಾಗ ನಮ್ಮ ಮಾತು ನಿಜವಾದಂತೆ ಕಾಣುತ್ತದೆ. ಕರಿಮೆಣಸು ಕಳುವಾದಾಗ ಹೊರಗಿನವರನ್ನಷ್ಟೇ ಹುಡುಕಿದರೆ ಕದ್ದವನು ನೆಮ್ಮದಿಯಿಂದ ಊರಲ್ಲೇ ಇರಬಹುದು. ಹುಟ್ಟಿನಿಂದಲೇ ಅಪರಾಧಿಗಳೆಂದು ಸಮುದಾಯಗಳನ್ನು ಪಟ್ಟಿ ಮಾಡಿದ ಬ್ರಿಟಿಷರ 1871ರ ಕಾಯ್ದೆ 1952ರಲ್ಲಿ ರದ್ದಾಯಿತು, ಸಂಶಯ ಮಾತ್ರ ಇನ್ನೂ ರದ್ದಾಗಿಲ್ಲ. ಮಕ್ಕಳಿಗೆ ಆಗುವ ಹಾನಿ ಇದಕ್ಕಿಂತ ಆಳ. ಹಾಫ್ ಮತ್ತು ಪಾಂಡೆ ಎಂಬ ಸಂಶೋಧಕರು ಉತ್ತರಪ್ರದೇಶದಲ್ಲಿ 6, 7ನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟು ಬಿಡಿಸಲು ಕೊಟ್ಟಿದ್ದರು. ಜಾತಿ ಹೇಳದಿದ್ದಾಗ ಎಲ್ಲರೂ ಹೆಚ್ಚುಕಡಿಮೆ ಸಮವಾಗಿ ಬಿಡಿಸಿದರು. ಎಲ್ಲರೆದುರು ಜಾತಿ ಕೂಗಿ ಹೇಳಿದಾಗ ಕೆಳಜಾತಿ ಎನಿಸಿಕೊಂಡ ಹುಡುಗರು ಬಿಡಿಸಿದ್ದು ಕಡಿಮೆಯಾಯಿತು. ಆದ್ದರಿಂದ ಸ್ಕಾಲರ್‌ಶಿಪ್ ಪಟ್ಟಿಯನ್ನು ತರಗತಿಯಲ್ಲಿ ಜಾತಿ ಹೇಳಿ ಓದುವುದನ್ನು ದಯವಿಟ್ಟು ನಿಲ್ಲಿಸಿ. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಸಹಿ ಹಾಕಿಸಿ.

ಶಾಲೆಯಲ್ಲಿ: ತುಂಡು ಜೋಡಿಸುವ ಪಾಠ

1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ ಮಕ್ಕಳು ಒಂದೇ ಶಾಲೆಗೆ ಬಂದು ಜಗಳ ಹತ್ತಿದಾಗ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ರೂಪಿಸಿದ ಕ್ರಮ ಇದು. ಲೈನ್ ಮನೆಯ ಮಕ್ಕಳೂ ತೋಟದವರ ಮಕ್ಕಳೂ ಪೇಟೆಯ ಮಕ್ಕಳೂ ಕೂಡಿರುವ ನಮ್ಮ ಶಾಲೆಗಳಿಗೆ ಹೇಳಿ ಮಾಡಿಸಿದಂತಿದೆ.

30 ಮಕ್ಕಳಿದ್ದರೆ ಐದೈದು ಜನರ ಆರು ಗುಂಪು ಮಾಡಿ. ಯಾರು ಯಾರ ಜೊತೆ ಎಂಬುದನ್ನು ನೀವೇ ನಿರ್ಧರಿಸಿ, ಮಕ್ಕಳಿಗೆ ಬಿಟ್ಟರೆ ಓಣಿಯ ಪ್ರಕಾರವೇ ಕೂರುತ್ತಾರೆ. ಕಾವೇರಿ ಪಾಠವನ್ನು ಐದು ತುಂಡು ಮಾಡಿ: ತಲಕಾವೇರಿ ಮತ್ತು ಭಾಗಮಂಡಲದ ಸಂಗಮ, ಕೂಡಿಗೆಯ ಬಳಿ ಸೇರುವ ಹಾರಂಗಿ, ಹೇಮಾವತಿ ಮತ್ತು ಲಕ್ಷ್ಮಣತೀರ್ಥ ಬಂದು ಸೇರುವ ಕೆಆರ್‌ಎಸ್, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟ ಶಿವನಸಮುದ್ರ, ತಮಿಳುನಾಡಿನ ಬಯಲು ಮತ್ತು ಸಮುದ್ರ. ಒಬ್ಬೊಬ್ಬರಿಗೆ ಒಂದೇ ತುಂಡು. ಇಡೀ ಪಾಠ ಯಾರ ಕೈಗೂ ಸಿಗಬಾರದು, ಸಿಕ್ಕಿದರೆ ಪಕ್ಕದವನ ಮಾತು ಕೇಳುವ ಅಗತ್ಯವೇ ಬೀಳುವುದಿಲ್ಲ.

ಮೊದಲ ಪೀರಿಯಡ್ಡಿನಲ್ಲಿ ಹತ್ತು ನಿಮಿಷ ಓದು. ಆಮೇಲೆ ಒಂದೇ ತುಂಡು ಸಿಕ್ಕವರೆಲ್ಲ ಒಂದೆಡೆ ಸೇರಿ ಹದಿನೈದು ನಿಮಿಷ ಅದನ್ನು ಹೇಳಿ ಹೇಳಿ ಅಭ್ಯಾಸ ಮಾಡಲಿ. ನಿಧಾನವಾಗಿ ಓದುವ ಮಗುವಿನ ಮಾನ ಉಳಿಯುವುದು ಇಲ್ಲೇ, ಇದನ್ನು ಬಿಟ್ಟರೆ ಇಡೀ ಕ್ರಮ ತಿರುಗಿ ಹೊಡೆಯುತ್ತದೆ. ಎರಡನೆಯ ಪೀರಿಯಡ್ಡಿನಲ್ಲಿ ಸ್ವಂತ ಗುಂಪಿಗೆ ಮರಳಿ ತಲಾ ಐದು ನಿಮಿಷ ಪಾಠ, ಕೊನೆಗೆ ಹತ್ತು ನಿಮಿಷ ಪರೀಕ್ಷೆ. ಅಂಕ ಒಬ್ಬೊಬ್ಬರಿಗೆ ಬೇರೆ ಬೇರೆ. ಗುಂಪಿಗೇ ಅಂಕ ಕೊಟ್ಟರೆ ಜಾಣರು ಉಳಿದವರನ್ನು ಶಪಿಸುತ್ತಾರೆ. ಎರವ ಮಗು ಪದ ಸಿಗದೆ ನಿಂತರೆ ನೀವು ಬಾಯಿ ಹಾಕಬೇಡಿ. "ಅವಳಿಗೆ ಗೊತ್ತಿರುವುದು ಪರೀಕ್ಷೆಗೆ ಬರುತ್ತದೆ, ಕೇಳಿ ತಿಳಿದುಕೊಳ್ಳಿ" ಎಂದು ಗುಂಪಿಗೆ ಹೇಳಿದರೆ ಸಾಕು. ವಾರಕ್ಕೆ ಒಂದೆರಡು ಪಾಠ, ಕನಿಷ್ಠ ಒಂದೂವರೆ ತಿಂಗಳು ನಡೆಯಲಿ. ಒಂದು ದಿನ ಮಾಡಿ ಫೋಟೋ ತೆಗೆದರೆ ಏನೂ ಆಗದು.

ಆಟದ ಮೈದಾನದಲ್ಲಿ

ಜನ ಹತ್ತಿರವಿದ್ದ ಮಾತ್ರಕ್ಕೆ ಪೂರ್ವಗ್ರಹ ಹೋಗುವುದಿಲ್ಲ. ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಹಿರಿಯರ ಒಪ್ಪಿಗೆ ಬೇಕೆಂದು 1954ರಲ್ಲೇ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಹೇಳಿದ್ದರು. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರಪ್ರದೇಶದಲ್ಲಿ ಕ್ರಿಕೆಟ್ ಲೀಗ್ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹೊಂದುತ್ತದೆ: ಒಂದೇ ತಂಡದಲ್ಲಿ ಆಡಿದ ಬೇರೆ ಜಾತಿಯವರಲ್ಲಿ ಗೆಳೆತನ ಬೆಳೆಯಿತು, ಎದುರಾಳಿಯಾಗಿ ಆಡುವುದರಿಂದ ಆ ಲಾಭ ಸಿಗಲಿಲ್ಲ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಒಕ್ಕದ, ಅಂದರೆ ಮನೆತನದ, ಒಗ್ಗಟ್ಟಿಗೆ ದೊಡ್ಡ ಕೊಡುಗೆ. ಆದರೆ ಊರಿನ ಎಲ್ಲರನ್ನೂ ಬೆರೆಸುವುದು ಗುರಿಯಾದರೆ ತಂಡ ಕಟ್ಟುವ ದಾರಿ ಬೇರೆ. ಗೋಲ್‌ಕೀಪರ್, ಹಿಂದಿನ ಸಾಲು, ನಡುಸಾಲು, ಮುಂದಿನ ಸಾಲು ಎಂದು ನಾಲ್ಕು ಡಬ್ಬಿ ಇಟ್ಟು ಪ್ರತಿಯೊಂದರಿಂದಲೂ ಚೀಟಿ ಎತ್ತಿ. ಅದೇ ತಂಡ ಇಡೀ ಟೂರ್ನಮೆಂಟ್ ಆಡಲಿ. ಬರಿಯ ಹೆಸರಿನ ಚೀಟಿ ಎತ್ತಿದರೆ ಒಂದು ತಂಡಕ್ಕೆ ಇಬ್ಬರು ಗೋಲ್‌ಕೀಪರ್, ಇನ್ನೊಂದಕ್ಕೆ ಯಾರೂ ಇಲ್ಲ ಎಂಬಂತಾಗಿ, ಸೋತ ತಂಡದವರು ಸೋಲನ್ನು ಹೊಸಬನ ತಲೆಗೇ ಕಟ್ಟುತ್ತಾರೆ.